ಹಿಂದಿನ ಅಬಾರ್ಷನ್ ವಿಷಯ ಡಾಕ್ಟರಿಗೆ ಹೇಳಲೇಬೇಕಾ?

ಪ್ರಶ್ನೆ: ಮೇಡಂ, ನನ್ನದು ಗಂಗಾವತಿ ಹತ್ತಿರದ ಹಳ್ಳಿ, ವಯಸ್ಸು 26. ಈಗ ಬಸುರಿ. ಮುಟ್ಟಿನ ಲೆಕ್ಕದಲ್ಲಿ 12 ವಾರ ಆಗಬೇಕು, ಸ್ಕ್ಯಾನಿಂಗ್‌ನಲ್ಲಿ 10 ವಾರ ಅಂತ ಬಂದಿದೆ. ನನಗೆ ಮುಟ್ಟು ಬರುವುದೇ 40-42 ದಿನಕ್ಕೊಮ್ಮೆ. ಪಿಸಿಓಡಿಗೆ (ಅಂಡಾಶಯದಲ್ಲಿ ಮೊಟ್ಟೆ ಸರಿಯಾಗಿ ಬೆಳೆಯದ ತೊಂದರೆ) ಬಳ್ಳಾರಿಯಲ್ಲಿ ಮೊಟ್ಟೆ ಬೆಳೆಯುವ ಮಾತ್ರೆ ತಗೊಂಡಿದ್ದೆ. ಅದನ್ನು ಬಿಟ್ಟ ಮೇಲೆ ತಾನಾಗಿಯೇ ಬಸಿರು ನಿಂತಿತು. ಮದುವೆಯಾದ ಹೊಸದರಲ್ಲಿ ಒಮ್ಮೆ ಎರಡು ತಿಂಗಳಿಗೆ ಮೆಡಿಕಲ್ ಶಾಪಿನ ಮಾತ್ರೆ ತಗೊಂಡು ತೆಗೆಸಿದ್ದೆವು. ಅದು ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೊದಲ ಚೆಕಪ್‌ನಲ್ಲಿ ನರ್ಸ್ 'ಇದು ಎಷ್ಟನೇದು?' ಅಂದಾಗ ಅತ್ತೆ ಪಕ್ಕದಲ್ಲೇ ಇದ್ದರು. ಮೊದಲನೇದು ಅಂದುಬಿಟ್ಟೆ. ನನ್ನ ರಕ್ತದ ಗುಂಪು ಓ ನೆಗೆಟಿವ್. ಹಳೇದನ್ನೆಲ್ಲ ಈಗ ಹೇಳಲೇಬೇಕಾ?

ಉತ್ತರ: ಹೇಳಬೇಕು. ಆದರೆ ಡಾಕ್ಟರಿಗೆ ಮಾತ್ರ ಹೇಳಿದರೆ ಸಾಕು, ಅತ್ತೆಗಲ್ಲ. ಅಂಥ ಪ್ರಶ್ನೆಯನ್ನು ಮನೆಯವರ ಎದುರಿಗೆ ಕೇಳಲೇಬಾರದು. ಹಾಗೆ ಕೇಳಿದರೆ ಯಾರಾದರೂ ನೀವು ಹೇಳಿದ್ದನ್ನೇ ಹೇಳುತ್ತಾರೆ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಆ ನೆಗೆಟಿವ್ ಗ್ರೂಪ್. ಗಂಡನದು ಪಾಸಿಟಿವ್ ಆಗಿದ್ದರೆ ಮಗುವಿನದೂ ಪಾಸಿಟಿವ್ ಇರಬಹುದು. ಹೆರಿಗೆಯಲ್ಲೋ ಅಬಾರ್ಷನ್ನಲ್ಲೋ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿದರೆ, ತಾಯಿಯ ದೇಹ ಅದರ ವಿರುದ್ಧ ಆಂಟಿಬಾಡಿ ತಯಾರಿಸಬಹುದು. ಆಗ ತೊಂದರೆ ಮುಂದಿನ ಮಗುವಿಗೆ: ಅದರ ರಕ್ತಕಣ ಒಡೆದು ರಕ್ತ ಕಡಿಮೆಯಾಗುತ್ತದೆ. ಎರಡು ತಿಂಗಳಿಗೇ ಆಗಿದ್ದರೆ ಈ ಸಾಧ್ಯತೆ ಬಹಳ ಕಡಿಮೆ, ಗಾಬರಿ ಬೇಡ. ಆದರೂ ಆ ಆಂಟಿಬಾಡಿ ಇದೆಯಾ ಅಂತ ನೋಡುವ ಐಸಿಟಿ ಅನ್ನುವ ರಕ್ತ ಪರೀಕ್ಷೆ ಈಗಲೇ ಆಗಲಿ. ಆ ಅಬಾರ್ಷನ್ ಆದಾಗ ಆಂಟಿ-ಡಿ ಇಂಜೆಕ್ಷನ್ (ಆಂಟಿಬಾಡಿ ತಯಾರಾಗದಂತೆ ತಡೆಯುವುದು) ತಗೊಂಡಿದ್ದಿರಾ ಇಲ್ಲವಾ ಅನ್ನುವುದನ್ನೂ ಹೇಳಿ. ಆಂಟಿಬಾಡಿ ಇಲ್ಲದಿದ್ದರೆ ಸಾಮಾನ್ಯವಾಗಿ 28ನೇ ವಾರಕ್ಕೊಂದು ಇಂಜೆಕ್ಷನ್. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಆಂಟಿಬಾಡಿ ಆಗಲೇ ಇದ್ದರೆ ಈ ಇಂಜೆಕ್ಷನ್ನಿಂದ ಉಪಯೋಗವಿಲ್ಲ, ಮಗುವನ್ನು ಬೇರೆ ರೀತಿಯಲ್ಲೇ ನೋಡಿಕೊಳ್ಳಬೇಕಾಗುತ್ತದೆ. ಗಂಡನದೂ ನೆಗೆಟಿವ್ ಅಂತಾದರೆ ಈ ಚಿಂತೆಯೇ ಇಲ್ಲ. ಮೊದಲು ಅವರ ಗ್ರೂಪ್ ನೋಡಿಸಿ.

ವಾರದ ಗೊಂದಲ ಸುಲಭದ್ದು. ಕೊನೆಯ ಮುಟ್ಟಿಗೆ 280 ದಿನ ಸೇರಿಸಿ ಹೆರಿಗೆ ದಿನ ಹೇಳುವ ಲೆಕ್ಕ 28 ದಿನಕ್ಕೆ ಮುಟ್ಟಾಗುವವರಿಗೆ ಸರಿ. ನಿಮ್ಮದು ಎರಡು ವಾರ ತಡ, ಮೊಟ್ಟೆ ಬಿಡುಗಡೆಯೂ ಅಷ್ಟೇ ತಡ. ಹಾಗಾಗಿ ಸ್ಕ್ಯಾನಿಂಗ್ ದಿನವನ್ನೇ ಹಿಡಿಯಿರಿ. ಮುಟ್ಟಿನ ತಾರೀಖೇ ನೆನಪಿಲ್ಲ ಅನ್ನುವವರೂ ಬರುತ್ತಾರೆ. 'ಗವಿಮಠದ ತೇರಿಗೆ ನಾಲ್ಕು ದಿನ ಮುಂಚೆ', 'ಎಳ್ಳಮವಾಸಿ ಮಾರನೇ ದಿನ' ಅಂದರೂ ಸಾಕು, ಕ್ಯಾಲೆಂಡರ್ ನೋಡಿ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ.

ಪಿಸಿಓಡಿ ಇದ್ದವರಿಗೆ ಬಸುರಲ್ಲಿ ಸಕ್ಕರೆ ಏರುವ ಸಾಧ್ಯತೆ ಜಾಸ್ತಿ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಈಗೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 140 ಅಥವಾ ಮೇಲೆ ಬಂದರೆ ಚಿಕಿತ್ಸೆ. ಬಳ್ಳಾರಿಯ ಫೈಲನ್ನೂ ಹಳೇ ಮಾತ್ರೆ ಚೀಟಿಯನ್ನೂ ಒಯ್ಯಿರಿ.

ಇನ್ನು, ಹೇಗೆ ಹೇಳೋದು? ತೂಕ, ಬಿಪಿ ನೋಡುವಾಗಲೋ ಮೂತ್ರ ಪರೀಕ್ಷೆಗೆ ಹೋಗುವಾಗಲೋ 'ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು' ಅಂತ ನರ್ಸ್‌ಗೆ ಮೆಲ್ಲಗೆ ಹೇಳಿ. ಸರ್ಕಾರಿ ಆಸ್ಪತ್ರೆಯಾದರೆ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ವಿಶೇಷ ತಪಾಸಣೆ ಇರುತ್ತದೆ, ಗದ್ದಲ ಜಾಸ್ತಿ. ಬೇರೆ ದಿನ ಹೋಗಿ. ತಾಯಿ ಕಾರ್ಡಿನಲ್ಲಿ ಬರೆದರೆ ಮನೆಯವರು ನೋಡುತ್ತಾರೆ ಅನ್ನುವ ಭಯವಿದ್ದರೆ ಅದನ್ನೂ ಡಾಕ್ಟರಿಗೇ ಹೇಳಿಬಿಡಿ. 'ಜಿ2 ಎ1' ಅಂತ ಬರೆದರೂ, ಜಿ2 ಅಂದರೆ ಇದು ಎರಡನೇ ಬಸಿರು, ಎ1 ಅಂದರೆ ಒಂದು ಹೋಗಿದೆ ಅಂತ ಅಷ್ಟೇ; ಎ ಅಂದರೆ ತಾನಾಗಿ ಹೋದದ್ದೂ ಆಗಬಹುದು, ತೆಗೆಸಿದ್ದೂ ಆಗಬಹುದು. ಎರಡಕ್ಕೂ ಒಂದೇ ಅಕ್ಷರ. ಅಷ್ಟನ್ನಾದರೂ ಬರೆಸುವುದು ಒಳ್ಳೆಯದು ಅನ್ನುತ್ತೇನೆ. ರಾತ್ರಿ ಹೊತ್ತಲ್ಲಿ ಕೊಪ್ಪಳಕ್ಕೋ ಬಳ್ಳಾರಿಗೋ ಕಳಿಸಬೇಕಾಗಿ ಬಂದರೆ, ಅಲ್ಲಿಯ ಡಾಕ್ಟರಿಗೆ ಕಾರ್ಡ್ ಬಿಟ್ಟು ಬೇರೇನೂ ಸಿಗಲ್ಲ ಅಲ್ವಾ?

ಬೇರೆ ಓದುಗರಿಗೆ ಒಂದು ಮಾತು. ಗರ್ಭಕೋಶದ ಗಡ್ಡೆ ತೆಗೆಸಿದ್ದರೆ, ಬಸಿರು ನಳಿಕೆಯಲ್ಲಿ ನಿಂತಿದ್ದರೆ, ನಾಲ್ಕೈದು ತಿಂಗಳಿಗೆ ನೋವಿಲ್ಲದೇ ಹೋಗಿದ್ದರೆ, ಇವನ್ನು ಕೇಳದಿದ್ದರೂ ಹೇಳಿ. ಸೋದರಮಾವನನ್ನೇ ಮದುವೆಯಾಗಿದ್ದರೆ ಅದನ್ನೂ.

ಮಧ್ಯದಲ್ಲಿ ಸ್ವಲ್ಪ ರಕ್ತ ಕಂಡರೂ, ಹೊಟ್ಟೆಗೆ ಪೆಟ್ಟು ಬಿದ್ದರೂ ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಮೊದಲು 'ನನ್ನದು ನೆಗೆಟಿವ್ ಗ್ರೂಪ್' ಅನ್ನಿ.