ಮಗ ವಿಡಿಯೊ ಮಾಡುತ್ತಾ ನಗುತ್ತಿದ್ದ, ಈಗೇನು ಮಾಡಲಿ?

ಪ್ರಶ್ನೆ: ಮಗನಿಗೆ 12 ವರ್ಷ. ಅವನ ಗೆಳೆಯರು ನಾಯಿಮರಿಯ ಬಾಲಕ್ಕೆ ಖಾಲಿ ಡಬ್ಬ ಕಟ್ಟಿ ಓಡಿಸಿದ ವಿಡಿಯೊ ಅವನ ಫೋನಿನಲ್ಲಿ ಸಿಕ್ಕಿತು. ಅದರಲ್ಲಿ ಇವನ ನಗು ಕೇಳಿಸುತ್ತದೆ. ‘ನಾನು ಸುಮ್ನೆ ವಿಡಿಯೊ ಮಾಡಿದೆ ಅಷ್ಟೆ’ ಅನ್ನುತ್ತಾನೆ. ಯಜಮಾನರು ‘ಹುಡುಗಾಟ, ಬಿಡು’ ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ನನಗೂ ಸಂಕಟವಾಯಿತು. ಮೊದಲು ಆ ಮರಿ ಎಲ್ಲಿದೆ ಅಂತ ಮಗನನ್ನೇ ಕರೆದುಕೊಂಡು ಹೋಗಿ ನೋಡಿ. ಬಾಲಕ್ಕೆ ಬಿಗಿದ ದಾರ ಹಾಗೇ ಉಳಿದರೆ ರಕ್ತ ಹರಿಯದೆ ಬಾಲವೇ ಕೊಳೆಯಬಹುದು. ಹೆದರಿದ ಮರಿ ಕಚ್ಚುತ್ತದೆ, ಹಾಗಾಗಿ ಬಿಚ್ಚುವ ಕೆಲಸ ಅವನಿಗೆ ಬೇಡ. ಹತ್ತಿರ ಬಿಡದಿದ್ದರೆ ಪಶುವೈದ್ಯರನ್ನು ಕೇಳಿ.

ಆಮೇಲೆ ಇಬ್ಬರೂ ಕೂತು ಆ ವಿಡಿಯೊವನ್ನು ಸದ್ದು ಪೂರ್ತಿ ತೆಗೆದು ನೋಡಿ. ನಗು ಕೇಳಿಸದಿದ್ದರೆ ಕಣ್ಣು ಮರಿಯ ಮೇಲೆ ಹೋಗುತ್ತದೆ. ಕಿವಿ ಹಿಂದಕ್ಕೆ ಅಂಟಿದೆಯಾ, ಮೈ ನೆಲಕ್ಕೆ ಕುಗ್ಗಿದೆಯಾ, ಬಾಲವನ್ನು ಕಾಲ ಸಂದಿಗೆ ಎಳೆದುಕೊಳ್ಳಲು ನೋಡುತ್ತಿದೆಯಾ ಅಂತ ಅವನೇ ಹುಡುಕಲಿ. ಯಾಕೆ ನಿಲ್ಲದೆ ಓಡುತ್ತಿದೆ ಅಂತ ಕೇಳಿ. ಸದ್ದಿನಿಂದ ತಪ್ಪಿಸಿಕೊಳ್ಳಲು ಓಡುತ್ತದೆ, ಓಡಿದಷ್ಟೂ ಸದ್ದು ಜಾಸ್ತಿ. ಸದ್ದು ಎಷ್ಟು ಕೀರಲು ಅನ್ನುವುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ, ನಾಯಿಗೆ ಸುಮಾರು 45,000ದವರೆಗೆ. ಆ ತಗಡಿನ ಸದ್ದು ಅದಕ್ಕೆ ಹೇಗಿದ್ದಿರಬೇಕು!

‘ಸುಮ್ನೆ ವಿಡಿಯೊ ಮಾಡಿದೆ’ ಅನ್ನುವುದನ್ನು ಮಾತ್ರ ಒಪ್ಪಬೇಡಿ. ನೋಡಿ ನಗುವವರು ಇದ್ದಾರೆ ಅಂತಲೇ ಇಂಥದ್ದು ನಡೆಯುವುದು, ಅಲ್ವಾ? ಆದರೂ ಈ ವಯಸ್ಸಿನಲ್ಲಿ ಗೆಳೆಯರ ಎದುರು ‘ಬೇಡ’ ಅನ್ನುವುದು ನಿಜಕ್ಕೂ ಕಷ್ಟ. ‘ಪಾಪ ಕಣ್ರೋ, ಬಿಡ್ರೋ, ಆಟಕ್ಕೆ ಹೋಗೋಣ’ ಅಂತ ಹೇಗೆ ಹೇಳಬಹುದು ಅನ್ನುವುದನ್ನು ಮನೆಯಲ್ಲೇ ಅವನ ಬಾಯಲ್ಲಿ ಹೇಳಿಸಿ. ಕೇಳದಿದ್ದರೆ ದೊಡ್ಡವರನ್ನು ಕರೆಯಲಿ. ಅದು ಚಾಡಿ ಅಲ್ಲ ಅಂತ ಅಮ್ಮನೇ ಹೇಳಿದರೆ ಧೈರ್ಯ ಬರುತ್ತದೆ.

ಹೊಡೆಯಬೇಡಿ. ಆ ವಿಡಿಯೊವನ್ನು ನಾಲ್ಕು ಜನಕ್ಕೆ ತೋರಿಸಿ ಅವನ ಮಾನ ಕಳೆಯಲೂ ಬೇಡಿ.

ಯಜಮಾನರಿಗೆ ಒಂದು ವಿಷಯ ತಿಳಿಸಿ. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿಯು 1987ರಲ್ಲೇ ಪ್ರಾಣಿಹಿಂಸೆಯನ್ನು ಮಕ್ಕಳ ನಡವಳಿಕೆ ಸಮಸ್ಯೆಯ ಲಕ್ಷಣಗಳಲ್ಲಿ ಸೇರಿಸಿತು. ಒಂದೇ ಘಟನೆ ನೋಡಿ ನಿಮ್ಮ ಮಗನಿಗೆ ಆ ಹಣೆಪಟ್ಟಿ ಹಚ್ಚುವಂತಿಲ್ಲ. ಒಬ್ಬನೇ ಇದ್ದಾಗ, ಕದ್ದುಮುಚ್ಚಿ, ಮತ್ತೆ ಮತ್ತೆ ಮಾಡುತ್ತಿದ್ದರೆ ಮಾತ್ರ ತಡ ಮಾಡದೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅವನಿಗೇ ಯಾರಾದರೂ ಹೊಡೆಯುತ್ತಿದ್ದಾರಾ, ಶಾಲೆಯಲ್ಲಿ ಪೀಡಿಸುತ್ತಿದ್ದಾರಾ ಅಂತಲೂ ಮೆಲ್ಲಗೆ ಕೇಳಿ. ಇದನ್ನು ಈ ವಾರವೇ ಕೇಳಿಬಿಡಿ, ಇನ್ನೊಂದು ವಿಡಿಯೊ ಸಿಗುವವರೆಗೆ ಕಾಯಬೇಡಿ.