ಹಳೆಯ ಅಂಬಾಸಿಡರ್‌ನ ಕೂಲಂಟ್ ಎಲ್ಲಿಂದ ಸೋರುತ್ತಿದೆ?

ಉಡುಪಿಯಿಂದ ಆಗುಂಬೆ ಘಾಟಿ ಹತ್ತಿದಾಗಲೆಲ್ಲ ರೇಡಿಯೇಟರ್ ನೀರು ಇಳಿಯುತ್ತದೆ, ಆದರೆ ಹೋಸ್‌ಗಳೆಲ್ಲ ಹೊಸವು ಎಂದು ಬರೆದಿದ್ದೀರಿ. ನಿಮ್ಮದು 1489 ಸಿಸಿಯ ಪೆಟ್ರೋಲ್ ಎಂಜಿನ್ ಆದ್ದರಿಂದ, ಅದು ಪೂರ್ತಿ ತಣಿದ ಮೇಲೆ ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ತೇವವೋ ಕೂಲಂಟ್ (ಎಂಜಿನ್ ತಣಿಸುವ ದ್ರವ) ಒಣಗಿದ ಹಸಿರು ಕಲೆಯೋ ಇದ್ದರೆ ಒಳಗಿನ ಸೀಲ್ ಸವೆದಿದೆ. ಆ ರಂಧ್ರವನ್ನು ಎಂ-ಸೀಲ್‌ನಿಂದ ಮುಚ್ಚಲೇಬೇಡಿ, ಏಕೆಂದರೆ ಹೊರಹೋಗುವ ದಾರಿಯಿಲ್ಲದ ನೀರು ಬೇರಿಂಗನ್ನು ಹಾಳುಮಾಡುತ್ತದೆ.

ಪಂಪು ಒಣಗಿದ್ದರೆ, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನಂತೆ ಕೂತಿರುವ ಉಕ್ಕಿನ ಪ್ಲಗ್‌ಗಳನ್ನು ಪರೀಕ್ಷಿಸಿ. ಮಲ್ಪೆಯ ಆಸುಪಾಸಿನ ಉಪ್ಪುಬಾವಿಯ ನೀರನ್ನು ವರ್ಷಗಟ್ಟಲೆ ತುಂಬಿದ ಎಂಜಿನ್‌ಗಳಲ್ಲಿ ಇವು ಒಳಗಿನಿಂದ ತುಕ್ಕು ಹಿಡಿದು, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೂಜಿಮೊನೆಯಷ್ಟು ತೂತಿನಿಂದ ಸೋರುತ್ತವೆ. ಹಳೆಯದನ್ನು ತೆಗೆದು, ಅಂಚನ್ನು ಉಜ್ಜಿ ಶುಚಿಗೊಳಿಸಿ, ಸೀಲಂಟ್ ಸವರಿದ ಹೊಸ ಪ್ಲಗ್ಗನ್ನು ಓರೆಯಾಗದಂತೆ ಬಡಿದು ಕೂರಿಸಬೇಕು. ಹಿತ್ತಾಳೆಯದು ಸಿಕ್ಕರೆ ಅದನ್ನೇ ಹಾಕಿಸಿ. ರೇಡಿಯೇಟರ್ ಮುಚ್ಚಳದ ರಬ್ಬರನ್ನೂ ನೋಡಿ.

ಹೊರಗೆಲ್ಲೂ ತೇವವಿಲ್ಲದೆ ನೀರು ಇಳಿಯುತ್ತಿದ್ದು, ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪದರ) ಹೋಗಿರುವ ಸಂಭವ ಹೆಚ್ಚು. ಆಗ ಗಾಡಿ ಓಡಿಸಬೇಡಿ.

ದುರಸ್ತಿಯಾದ ಮೇಲೆ ಬಾವಿಯ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಿಸಿ.