“ನೀನೆಲ್ಲಿ ಬರ್ತೀಯ!” ಅಂತ ಮೂಗು ಮುರಿಯೋ ನಜೀಮ್

ನೀವು ಕೇಳಿರೋದು, ಫ್ಯಾಂಟಸಿ ಗೇಮ್‌ಗಳಲ್ಲಿ ಕಥೆಗೆ ಬೇಕೇ ಇಲ್ಲದ, ಆದರೂ ತಲೆಯಿಂದ ಹೋಗದಷ್ಟು ಸಿಟ್ಟು ತರಿಸಿದ ಚಿಲ್ಲರೆ ಪಾತ್ರ ಯಾವುದು ಅಂತ. ನನಗೆ ಯೋಚನೆ ಮಾಡೋ ಅಗತ್ಯವೇ ಬೀಳಲಿಲ್ಲ. ಸ್ಕೈರಿಮ್‌ನ ನಜೀಮ್.

ಆಡದವರಿಗಾಗಿ ಒಂದೆರಡು ಮಾತು. ಸ್ಕೈರಿಮ್ 2011ರ ನವೆಂಬರ್ 11ರಂದು ಬಂದ ಬೆಥೆಸ್ಡಾ ಕಂಪನಿಯವರ ಗೇಮ್. ಅದರಲ್ಲಿ ವೈಟ್‌ರನ್ ಅಂತ ಒಂದು ಊರು, ಗುಡ್ಡಕ್ಕೆ ಹತ್ತಿಕೊಂಡ ಹಾಗೆ ಮೂರು ಹಂತದಲ್ಲಿದೆ. ಕೆಳಗೆ ಸಂತೆ, ಅಂಗಡಿ, ಹೆಂಡದ ಮನೆ ಇರೋ ಪ್ಲೇನ್ಸ್ ಡಿಸ್ಟ್ರಿಕ್ಟ್. ನಡುವೆ ದೊಡ್ಡ ಮರ, ದೇವಸ್ಥಾನ ಇರೋ ವಿಂಡ್ ಡಿಸ್ಟ್ರಿಕ್ಟ್. ತುತ್ತತುದಿಯಲ್ಲಿ ಕ್ಲೌಡ್ ಡಿಸ್ಟ್ರಿಕ್ಟ್. ಹೆಸರು ದೊಡ್ಡದು, ಆದರೆ ಅಲ್ಲಿರೋದು ಒಂದೇ ಕಟ್ಟಡ: ಆ ಸೀಮೆಯ ಒಡೆಯ ಯಾರ್ಲ್ ಬಾಲ್‌ಗ್ರೂಫ್‌ನ ಅರಮನೆ, ಡ್ರ್ಯಾಗನ್ಸ್‌ರೀಚ್.

ನಾನು ಮೊದಲ ಸಲ ಆಡಿದ್ದು 2013ರಲ್ಲಿ, ರೂಮ್‌ಮೇಟ್‌ನ ಕಂಪ್ಯೂಟರ್‌ನಲ್ಲಿ, ಅವನು ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು. ಗ್ರಾಫಿಕ್ಸ್ ಎಲ್ಲ ಕನಿಷ್ಠಕ್ಕೆ ಇಳಿಸಿದ್ದೆ, ಮರಗಳು ಹಸಿರು ರಟ್ಟಿನ ಹಾಗೆ ಕಾಣ್ತಿದ್ವು. ಊರೊಳಗೆ ಹೊಕ್ಕು ಸಂತೆಗೆ ಬಂದೆ, ಒಳ್ಳೇ ಬಟ್ಟೆ ತೊಟ್ಟ ಒಬ್ಬ ಗತ್ತಿನಲ್ಲಿ ಎದುರು ಬಂದ. ಸುಮ್ಮನೆ ಹಾದು ಹೋಗಬಹುದಿತ್ತಲ್ಲ? ಇಲ್ಲ. ಇಂಗ್ಲಿಷಲ್ಲಿ ಅವನು ಅಂದಿದ್ದನ್ನ ನಮ್ಮ ಮಾತಿಗೆ ತಂದರೆ ಹೀಗಿರುತ್ತೆ: “ಕ್ಲೌಡ್ ಡಿಸ್ಟ್ರಿಕ್ಟ್ ಕಡೆ ಆಗಾಗ ಬರ್ತಿರ್ತೀಯಾ? ಅಯ್ಯೋ, ನಾನೊಬ್ಬ, ನೀನೆಲ್ಲಿ ಬರ್ತೀಯ!”

ಆಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಹೇಳಿದ್ದೂ ನಿಜವೇ. ತಲೆ ಹೋಗೋದು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಓಡಿಬಂದ ಕೈದಿ ನಾನು, ಮೈಮೇಲೆ ಯಾರದೋ ಹೆಣದಿಂದ ಬಿಚ್ಚಿಕೊಂಡ ಬಟ್ಟೆ.

ಮುಂದೆ ಕೇಳಿ. ಊರಾಚೆಯ ಕಾವಲು ಗೋಪುರಕ್ಕೆ ಡ್ರ್ಯಾಗನ್ ಬಂತು. ಯಾರ್ಲ್‌ನ ಸೈನಿಕರ ಜೊತೆ ಹೋಗಿ ಕೊಂದೆ, ಅದರ ಆತ್ಮ ನನ್ನೊಳಗೆ ಇಳಿಯಿತು, ಬೆಟ್ಟದ ತುದಿಯಿಂದ ಮುನಿಗಳು ಗುಡುಗಿನ ದನಿಯಲ್ಲಿ ನನ್ನನ್ನ ಕರೆದರು. ಬಾಲ್‌ಗ್ರೂಫ್ ತುಂಬಿದ ಸಭೆಯಲ್ಲಿ ನನಗೆ ಥೇನ್ ಅನ್ನೋ ಗೌರವ ಪದವಿ ಕೊಟ್ಟ, ಒಂದು ಕೊಡಲಿ ಕೊಟ್ಟ, ಲಿಡಿಯಾಳನ್ನ ಅಂಗರಕ್ಷಕಿಯಾಗಿ ಕೊಟ್ಟ. ಎದೆಯುಬ್ಬಿಸಿ ಅರಮನೆಯ ಮೆಟ್ಟಿಲು ಇಳಿದೆ. ಗಮನಿಸಿ, ಇಳಿದಿದ್ದು ಕ್ಲೌಡ್ ಡಿಸ್ಟ್ರಿಕ್ಟ್‌ನಿಂದಲೇ. ಸಂತೆಗೆ ಬಂದರೆ ಅದೇ ಮುಖ. “ಕ್ಲೌಡ್ ಡಿಸ್ಟ್ರಿಕ್ಟ್ ಕಡೆ ಆಗಾಗ...”

ಲಿಡಿಯಾ ಹಿಂದೆ ನಿಂತು ಸುಮ್ಮನೆ ನೋಡ್ತಿದ್ದಳು. ಮೈ ಉರಿದುಹೋಯಿತು.

ಇದರ ತಂತ್ರ ತುಂಬ ಸರಳ. ನೀವು ಹತ್ತಿರ ಹೋದರೆ ಪಾತ್ರಗಳು ತಮ್ಮ ಪಾಲಿಗಿರೋ ನಾಲ್ಕಾರು ಮಾತಲ್ಲಿ ಒಂದನ್ನ ಬಿಸಾಕುತ್ತವೆ. ಇದೇ ಊರಿನ ಕಾವಲುಗಾರರ ಎಷ್ಟೋ ಮಾತುಗಳ ಹಿಂದೆ ಒಂದು ಪರೀಕ್ಷೆ ಇರುತ್ತೆ: ಇವನಿಗೆ ಮಂತ್ರವಿದ್ಯೆ ಬರುತ್ತಾ, ಕಳ್ಳನಾ, ಇಂಥ ಕೆಲಸ ಮುಗಿಸಿದ್ದಾನಾ ಅಂತ ನೋಡಿ ಮಾತಾಡ್ತಾರೆ. ನಜೀಮ್‌ನ ಆ ಸಾಲಿಗೆ ನೀವು ಥೇನ್ ಆದ್ರೋ ಬಿಟ್ರೋ ಅನ್ನೋ ಲೆಕ್ಕವೇ ಇಲ್ಲ. ಪ್ರಪಂಚ ಉಳಿಸಿ ಬಂದರೂ ಅದೇ ಮಾತು. ಬರೆದವರು ಮರೆತಿರಬಹುದು, ಆದರೆ ಜಂಬದ ಮನುಷ್ಯ ಅಂದ್ರೆ ಹಾಗೇ ಅಲ್ವಾ? ಎದುರಿಗಿರೋನು ಯಾರು ಅಂತ ಅವನು ಯಾವತ್ತು ನೋಡಿದ್ದಾನೆ? ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ “ಇನ್ನೂ ಬಾಡಿಗೆ ಮನೇಲೇ ಇದ್ದೀಯೇನಪ್ಪಾ?” ಅಂತ ಕೇಳಿ, ಉತ್ತರ ಬರೋ ಮೊದಲೇ ಪಾಯಸದ ಕಡೆ ತಿರುಗೋ ಮಾವಂದಿರಿಲ್ವಾ, ಅದೇ ಜಾತಿ.

ಗದ್ದಲ ಮಾಡೋದ್ರಲ್ಲಿ ಹೈಮ್ಸ್ಕರ್ ಅನ್ನೋ ಪೂಜಾರಿ ಇವನಿಗಿಂತ ಮುಂದೆ. ಮೂರ್ತಿಯ ಮುಂದೆ ನಿಂತು ಹಗಲೆಲ್ಲ ಕಿರುಚ್ತಾನೆ. ತಲೆನೋವು ಹೌದು, ಆದರೆ ಅವನು ಕಿರುಚೋದು ಇಡೀ ಊರಿಗೆ. ನಜೀಮ್ ಚುಚ್ಚೋದು ನನಗೊಬ್ಬನಿಗೆ.

ಅದೂ ದಿನಾ. 5,000 ಚಿನ್ನದ ನಾಣ್ಯ ಕೊಟ್ಟು ನಾನು ಕೊಂಡ ಬ್ರೀಝ್‌ಹೋಮ್ ಮನೆ ಇರೋದು ಕೆಳಗೇ, ಊರಬಾಗಿಲ ಪಕ್ಕ. ಮೇಲೆ ಹೋಗೋಕೆ ಸಂತೆ ದಾಟಲೇಬೇಕು.

ಅವನ ಬಂಡವಾಳವಾದರೂ ಏನು? ಊರ ಗೋಡೆಯ ಹೊರಗೆ ಚಿಲ್‌ಫರೋ ಅಂತ ಒಂದು ಹೊಲ. ಬಹಳ ಲಾಭದ ವ್ಯವಹಾರ ಅಂತ ತಾನೇ ಕೊಚ್ಚಿಕೊಳ್ತಾನೆ. ಹೊಲದಲ್ಲಿ ಮಣ್ಣು ಮುಟ್ಟೋನು ವಿಲ್ಮತ್ ಅನ್ನೋ ಆಳು. ಹೆಂಡತಿ ಆಹ್ಲಾಮ್ ದೇವಸ್ಥಾನದಲ್ಲಿ ಗಾಯಾಳುಗಳ ಆರೈಕೆ ಮಾಡ್ತಾಳೆ. ಅವಳಿಗೂ ಗಂಡನ ಈ ಧಿಮಾಕು ಸಾಕಾಗಿಹೋಗಿದೆ. ಇಷ್ಟೆಲ್ಲ ಮಾತಾಡೋನ ಮನೆಯೇನು ಆ ಕ್ಲೌಡ್ ಡಿಸ್ಟ್ರಿಕ್ಟ್‌ನಲ್ಲಿಲ್ಲ.

ಕೊಲ್ಲಬಹುದಾ ಅಂತ ಕೇಳ್ತೀರಿ, ಗೊತ್ತು. ಕಥೆಗೆ ಬೇಕಾದವರನ್ನ ಎಷ್ಟು ಹೊಡೆದರೂ ಮಂಡಿಯೂರಿ ಮತ್ತೆ ಏಳೋ ಹಾಗೆ ಗೇಮ್‌ನವರು ಮಾಡಿದ್ದಾರೆ. ನಜೀಮ್‌ಗೆ ಆ ರಕ್ಷಣೆ ಇಲ್ಲ. ಅವನನ್ನ ಬಗೆಬಗೆಯಾಗಿ ಮುಗಿಸೋ ವಿಡಿಯೋಗಳು ಯೂಟ್ಯೂಬ್‌ನಲ್ಲಿ ರಾಶಿ ಬಿದ್ದಿವೆ. ಯಾರಾದ್ರೂ ನೋಡಿದರೆ ತಲೆಯ ಮೇಲೆ 1,000 ನಾಣ್ಯದ ದಂಡ. ಸೇವ್ ಮಾಡಿಕೊಂಡು ನಾನೂ ಒಂದು ಸಲ ಕೈ ತೀಟೆ ತೀರಿಸಿಕೊಂಡೆ. ಎದುರಿಗಿರೋರನ್ನ ಎತ್ತಿ ಎಸೆಯೋ ಡ್ರ್ಯಾಗನ್ ಭಾಷೆಯ ಮೂರು ಪದ ಕೂಗಿದೆ, ತರಕಾರಿ, ಬುಟ್ಟಿ ಸಮೇತ ಹಾರಿ ಬಿದ್ದ. ಕಾವಲುಗಾರರು ಕತ್ತಿ ಹಿರಿದು ಬಂದರು. ಹಳೇ ಸೇವ್‌ಗೆ ವಾಪಸ್ ಹೋದೆ. ನಿಜ ಹೇಳ್ತೀನಿ, ಅಷ್ಟೇನೂ ಖುಷಿ ಆಗಲಿಲ್ಲ. ಬೀಳೋ ಮೊದಲು ಅವನು ಒಂದು ಸಲವಾದರೂ ತಪ್ಪಾಯ್ತು ಅನ್ನಬೇಕಿತ್ತು. ಆ ಸಾಲು ಗೇಮ್‌ನಲ್ಲಿಲ್ಲ.

ಆಮೇಲೆ ಇನ್ನೊಂದು ಆಟದಲ್ಲಿ, ಇದೇ ಗೇಮ್‌ಗೆ 2012ರಲ್ಲಿ ಬಂದ ಡಾನ್‌ಗಾರ್ಡ್ ಅನ್ನೋ ಹೆಚ್ಚುವರಿ ಭಾಗ ಹಾಕಿಕೊಂಡು ಆಡುವಾಗ, ರಾತ್ರಿ ರಕ್ತಪಿಶಾಚಿಗಳು ವೈಟ್‌ರನ್‌ಗೆ ನುಗ್ಗಿದವು. ಗಲಾಟೆ ಮುಗಿದ ಮೇಲೆ ನೋಡ್ತೀನಿ, ಸಂತೆಯ ಕಟ್ಟೆ ಪಕ್ಕ ನಜೀಮ್ ಬೋರಲು ಬಿದ್ದಿದ್ದಾನೆ. ನನ್ನ ಕೈವಾಡ ಏನೇನೂ ಇಲ್ಲ, ಆಣೆ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅವನ ಆ ಒಳ್ಳೇ ಬಟ್ಟೆ, ಬೂಟು ಬಿಚ್ಚಿ ಹಾಕಿಕೊಂಡು ಮೆಟ್ಟಿಲು ಹತ್ತಿ ಡ್ರ್ಯಾಗನ್ಸ್‌ರೀಚ್ ಬಾಗಿಲ ತನಕ ನಡೆದೆ. ದಾರಿಯಲ್ಲಿ ಯಾರೂ ಏನೂ ಕೇಳಲಿಲ್ಲ.